ಕಾಪಿಡುವುದೋ, ಕೂಡಿಡುವುದೋ?

ಬಳಸದೆ ನಿಲ್ಲಿಸಿದ ವಸ್ತುವನ್ನು ಜೋಪಾನ ಮಾಡುವುದು ಧರ್ಮವೋ ಲೋಭವೋ ಎಂಬ ಪ್ರಶ್ನೆಯು ಸಂಸಾರಿಗಳಾದ ಭಕ್ತರಿಗೆ ಆಗಾಗ ಎದುರಾಗುವುದುಂಟು. ಚಾಮರಾಜಪೇಟೆಯ ಹಿರಿಯ ಭಕ್ತರೊಬ್ಬರು ಮೊನ್ನೆ ಬಂದು, “ಶಾಸ್ತ್ರಿಗಳೇ, ಮಗನು ಉದ್ಯೋಗನಿಮಿತ್ತ ಎರಡು ವರ್ಷ ಪರದೇಶಕ್ಕೆ ಹೋಗಿದ್ದಾನೆ. ಅವನ ಕಾರನ್ನು ಹೊದಿಕೆ ಹಾಕಿ ಅಂಗಳದಲ್ಲಿ ನಿಲ್ಲಿಸಿದ್ದೇನೆ. ಇದು ಸಂಗ್ರಹದೋಷವಾದೀತೇ?” ಎಂದು ಕೇಳಿದರು.

ಮೊದಲು ವಸ್ತುವಿನ ಸ್ವಭಾವವನ್ನು ತಿಳಿಯಬೇಕು. ಬಸವನಗುಡಿಯ ದೊಡ್ಡ ಬಸವಣ್ಣನು ಶಿಲಾಮಯನು. ಶತಮಾನಗಳಿಂದ ಒಂದೆಡೆಯಲ್ಲಿಯೇ ಮಲಗಿದ್ದರೂ ಕುಂದಿಲ್ಲ. ಓಡಲೆಂದೇ ನಿರ್ಮಿತವಾದ ಲೋಹದ ವಾಹನಕ್ಕೆ ಆ ಭಾಗ್ಯವಿಲ್ಲ. 2020ನೆಯ ಇಸವಿ ಮಾರ್ಚ್ 25ರಂದು ದೇಶಾದ್ಯಂತ ಲಾಕ್‌ಡೌನ್ ಆರಂಭವಾಗಿ ಸಂಚಾರವು ನಿಂತಾಗ, ವಾರಗಟ್ಟಲೆ ನಿಂತ ಕಾರುಗಳೆಷ್ಟೋ ಬ್ಯಾಟರಿ ಬರಿದಾಗಿ ಮಿಸುಕದೆ ಹೋದುದನ್ನು ನಾವೆಲ್ಲ ಕಂಡೆವು.

ಆದುದರಿಂದ ಹೊದಿಕೆಯೊಂದೇ ರಕ್ಷಣೆಯಲ್ಲ. ಕಾರನ್ನು ತೊಳೆದು ಚೆನ್ನಾಗಿ ಒಣಗಿಸಬೇಕು. ಬಳಸಿದ ಎಂಜಿನ್ ಆಯಿಲಿನಲ್ಲಿ ಸೇರಿದ ತೇವವೂ ಆಮ್ಲವೂ ಒಳಲೋಹವನ್ನು ತಿನ್ನುವುದರಿಂದ ಅದನ್ನು ಬದಲಿಸಬೇಕು. ಬ್ಯಾಟರಿಯ ತಂತಿಯನ್ನು ಕಳಚಿ ಆಗಾಗ ಚಾರ್ಜು ಮಾಡಿಸಬೇಕು. ಒಂದೇ ಮಗ್ಗುಲಲ್ಲಿ ಭಾರ ಬಿದ್ದು ಟಯರುಗಳು ಚಪ್ಪಟೆಯಾಗದಂತೆ ಕಾರನ್ನು ಸ್ಟ್ಯಾಂಡುಗಳ ಮೇಲೆ ಎತ್ತಿ ನಿಲ್ಲಿಸುವುದು ಲೇಸು. ಚಕ್ರಗಳು ನೆಲದ ಮೇಲೆಯೇ ಇರುವುದಾದರೆ ಬ್ರೇಕು ಹಿಡಿದುಕೊಳ್ಳದಂತೆ ಹ್ಯಾಂಡ್‌ಬ್ರೇಕನ್ನು ಬಿಟ್ಟು ಚಕ್ರಗಳಿಗೆ ಅಡ್ಡಗಲ್ಲು ಕೊಡಬೇಕು. ಇಂದಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲು ತೇವವನ್ನು ಹೀರುವುದು. ಕೆಲವು ತಿಂಗಳ ಮಾತಾದರೆ ಟ್ಯಾಂಕನ್ನು ತುಂಬಿಸುವುದು, ವರ್ಷಗಳ ಮಾತಾದರೆ ಮೆಕ್ಯಾನಿಕರಿಂದ ಬರಿದು ಮಾಡಿಸುವುದು ಯುಕ್ತ. ಇಲಿಗಳು ತಂತಿ ಕಡಿಯುತ್ತಿವೆಯೇ ಎಂದು ಬಾನೆಟ್ ತೆರೆದು ನೋಡುತ್ತಿರಬೇಕು. ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಓಡಿಸಿದರೆ ಸಾಕೆಂಬುದು ಭ್ರಮೆ. ಪೂರ್ತಿ ಬಿಸಿಯಾಗುವ ಮುನ್ನವೇ ನಿಲ್ಲಿಸಿದರೆ ತೇವವು ಒಳಗೇ ಉಳಿಯುವುದು.

ಇಷ್ಟನ್ನು ಮಾಡುವವನು ಕಾಪಿಡುವವನು. ಹೊದಿಸಿ ಮರೆಯುವವನಾದರೋ ವಸ್ತುವಿನ ಅಳಿವನ್ನು ತನ್ನ ಕಣ್ಣಿಗೆ ಮರೆಮಾಡುವನಲ್ಲದೆ ವಸ್ತುವನ್ನು ಉಳಿಸನು.

ಇನ್ನು ಸಂಗ್ರಹದ ಮಾತು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕವಾಗಿದ್ದಿತು. ಒಂದು ದಿನ ಆತನು ಎಂದಿಗಿಂತ ಹೆಚ್ಚು ತಂದಾಗ, ಲಕ್ಕಮ್ಮನು ಆ ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದಳು. ಅಕ್ಕಿಯು ಕೆಟ್ಟುದೆಂದಲ್ಲ; ಅದಕ್ಕೆ ತಮ್ಮ ಮನೆಯಲ್ಲಿ ಅಂದಿನ ಪ್ರಯೋಜನವಿಲ್ಲವೆಂದು. ಲಕ್ಕಮ್ಮನ ಈ ಒರೆಗಲ್ಲಿಗೆ ನಮ್ಮ ಕಾರನ್ನೂ ತಿಕ್ಕಿ ನೋಡೋಣ. ಹಿಂದಿರುಗಿ ಬಳಸುವವನಿದ್ದರೆ ಅದು ಪರರ ವಸ್ತುವಿನ ರಕ್ಷಣೆ. “ಇದ್ದರೆ ಇರಲಿ” ಎಂಬುದೊಂದೇ ಕಾರಣವಾದರೆ ಸಂಗ್ರಹ.

“ಮಗನು ಬರುವುದು ನಿಶ್ಚಯವೇ?” ಎಂದು ಕೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, “ತಿಳಿಯದು. ಆದರೆ ಕಾರು ಅಂಗಳದಲ್ಲಿದ್ದರೆ ಅವನು ಬಂದೇ ಬರುವನೆನಿಸುತ್ತದೆ” ಎಂದರು.

ಆ ಮಾತನ್ನು ಲೋಭವೆಂದು ಹಳಿಯಲು ನನ್ನ ನಾಲಗೆ ಏಳಲಿಲ್ಲ. ಅದು ಮಮತೆ. ಆದರೆ ತುಕ್ಕು ಹಿಡಿಯುವ ಕಬ್ಬಿಣದ ಮೇಲೆ ಮಮತೆಯನ್ನು ಹೊರಿಸಿದರೆ, ಕಬ್ಬಿಣವು ಕರಗಿದಂತೆಲ್ಲ ಮನಸ್ಸೂ ಕೊರಗುವುದು. ಕಾರು ಮಗನದು, ಅವನನ್ನು ಕೇಳದೆ ದಾನ ಮಾಡುವ ಹಕ್ಕು ತಂದೆಗೂ ಇಲ್ಲ. ಆದಕಾರಣ ನಾನು ಹೇಳಿದುದಿಷ್ಟು: “ಮಗನಿಗೆ ಬರೆದು ಒಂದು ಅವಧಿಯನ್ನು ಗೊತ್ತುಮಾಡಿಕೊಳ್ಳಿ. ಅಲ್ಲಿಯವರೆಗೆ ತಿಂಗಳು ತಪ್ಪದೆ ನೋಡಿಕೊಳ್ಳಿ, ಅದು ಕಾಯಕ. ಅವಧಿ ಮೀರಿದರೆ ಅವನ ಒಪ್ಪಿಗೆಯಿಂದ ಓಡಿಸುವವರ ಕೈಗೆ ಒಪ್ಪಿಸಿ, ಅದು ದಾಸೋಹ.”

ಅವರು ಅಂದೇ ಬರೆಯುವೆನೆಂದು ಎದ್ದು ಹೋದರು. ಭಕ್ತರು ತಮ್ಮ ತಮ್ಮ ಮನೆಗಳಲ್ಲಿ ಹೊದಿಸಿಟ್ಟಿರುವುದನ್ನು ಒಮ್ಮೆ ತೆರೆದು ನೋಡಲಿ.