ಎಲ್ಲ ಸಾವುಗಳೂ ಲೆಕ್ಕಕ್ಕೆ ಬರಲಿ



ನವೆಂಬರ್ ಅಗಲಿದವರ ತಿಂಗಳು. ಸಮಾಧಿಗಳಿಗೆ ಹೂವಿಟ್ಟು, ಮೇಣದ ಬತ್ತಿ ಹಚ್ಚಿ, ನಮ್ಮವರ ಹೆಸರು ಹೇಳಿ ಪ್ರಾರ್ಥಿಸುತ್ತೇವೆ. 2020, 2021 ಎಂದು ಬರೆದಿರುವ ಸಮಾಧಿಗಳ ಮುಂದೆ ನಿಂತಾಗ ಒಂದು ಪ್ರಶ್ನೆ ಏಳುತ್ತದೆ: ಊರು, ರಸ್ತೆ, ಗಡಿಗಳನ್ನು ಮುಚ್ಚಿದ್ದು ಪ್ರಾಣ ಉಳಿಸಿತೋ, ತೆಗೆಯಿತೋ?

ಎರಡನ್ನೂ ಮಾಡಿತು. 2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾಯಿತು. ಮೇ ಆರಂಭದ ಕೇಂದ್ರ ಸರ್ಕಾರದ ಪಟ್ಟಿಯಲ್ಲಿ ತಮಿಳುನಾಡಿನ ಏಕೈಕ ಹಸಿರು ವಲಯ ನಮ್ಮ ಕೃಷ್ಣಗಿರಿ ಜಿಲ್ಲೆ. ದೇಶದಲ್ಲಿ ರಸ್ತೆ ಅಪಘಾತದ ಸಾವುಗಳು 2019ರ 1,51,113ರಿಂದ 2020ರಲ್ಲಿ 1,31,714ಕ್ಕೆ ಇಳಿದವು. ಹೆದ್ದಾರಿಯ ಬದಿಯಲ್ಲೇ ಬದುಕುವ ನಮಗೆ ಇದರ ಬೆಲೆ ಗೊತ್ತು. ಆದರೆ ಅದೇ ವರ್ಷ ದಾಖಲಾದ ಕ್ಷಯರೋಗಿಗಳ ಸಂಖ್ಯೆಯೂ 24 ಲಕ್ಷದಿಂದ 18 ಲಕ್ಷಕ್ಕೆ ಇಳಿಯಿತು. ಕ್ಷಯ ಕಡಿಮೆಯಾಗಿರಲಿಲ್ಲ, ಬಸ್ಸಿಲ್ಲದೆ, ಭಯಪಟ್ಟು, ಜನ ಪರೀಕ್ಷೆಗೆ ಹೋಗಲಿಲ್ಲ. ಬೆಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಹೊಸೂರಿನವರಿಗೆ ಅತ್ತಿಬೆಲೆ ಗಡಿ ದಾಟಲು ಇ-ಪಾಸ್ ಬೇಕಾಯಿತು.

ಆದ್ದರಿಂದ ಕೋವಿಡ್ ಸಾವುಗಳನ್ನಷ್ಟೇ ಎಣಿಸಿದರೆ ಸಾಲದು. ಯಾವ ಕಾರಣದಿಂದ ತೀರಿಕೊಂಡಿದ್ದರೂ ಎಲ್ಲರನ್ನೂ ಎಣಿಸಬೇಕು. ದೇಶದಲ್ಲಿ ನೋಂದಣಿಯಾದ ಮರಣಗಳು 2019ರಲ್ಲಿ 76.4 ಲಕ್ಷ, 2020ರಲ್ಲಿ 81.2 ಲಕ್ಷ, 2021ರಲ್ಲಿ 102.2 ಲಕ್ಷ. ನೋಂದಣಿ ಸುಧಾರಿಸಿದ್ದೂ ಇದಕ್ಕೆ ಒಂದು ಕಾರಣ. ಆದರೂ ಎರಡನೇ ಅಲೆಯ 2021ರಲ್ಲಿ ಒಂದೇ ವರ್ಷಕ್ಕೆ 21 ಲಕ್ಷ ಹೆಚ್ಚಿದ್ದನ್ನು ಕಡೆಗಣಿಸಲಾಗದು. ಆ ಎರಡು ವರ್ಷಗಳಲ್ಲಿ ಕೋವಿಡ್ ಸಾವೆಂದು ಸರ್ಕಾರದ ಲೆಕ್ಕಕ್ಕೆ ಬಂದದ್ದು ಸುಮಾರು 4.8 ಲಕ್ಷ ಮಾತ್ರ. ಪರೀಕ್ಷೆಯೇ ಆಗದೆ ಸೋಂಕಿನಿಂದ ತೀರಿಕೊಂಡವರು, ಬೇರೆ ಕಾಯಿಲೆಗೆ ಹಾಸಿಗೆ ಸಿಗದೆ ಹೋದವರು ಆ ಲೆಕ್ಕದ ಹೊರಗೇ ಉಳಿದರು.

ರೋಗಿಯನ್ನು ಪ್ರತ್ಯೇಕವಾಗಿರಿಸುವುದು ಪವಿತ್ರ ಗ್ರಂಥಕ್ಕೆ ಹೊಸದಲ್ಲ. ಯಾಜಕಕಾಂಡದ 13ನೇ ಅಧ್ಯಾಯದಲ್ಲಿ ಏಳು ದಿನಗಳ ಪ್ರತ್ಯೇಕವಾಸವಿದೆ. ಮುಂದಿನ ಅಧ್ಯಾಯವನ್ನೂ ನಾವು ಓದಬೇಕು: ಗುಣವಾದವನನ್ನು ನೋಡಲು ಯಾಜಕನೇ ಪಾಳೆಯದ ಹೊರಗೆ ಹೋಗಬೇಕು. ಬಾಗಿಲು ಮುಚ್ಚಬಹುದು, ಕೈಬಿಡಬಾರದು. ಯೇಸುಸ್ವಾಮಿಯಂತೂ ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದರು. ಅವರು ಹೇಳಿದ ಸಾಮತಿಯಲ್ಲಿ ನೂರು ಕುರಿಗಳಲ್ಲಿ ಒಂದು ಕಾಣೆಯಾದದ್ದು ಕುರುಬನಿಗೆ ತಿಳಿದದ್ದು ಹೇಗೆ? ಅವನು ಎಣಿಸಿದ್ದ. ಪ್ರೀತಿಸುವವನು ಲೆಕ್ಕ ಇಡುತ್ತಾನೆ, ಲೆಕ್ಕ ತಪ್ಪಿದರೆ ಹುಡುಕಿಕೊಂಡು ಹೋಗುತ್ತಾನೆ.

ಇನ್ನೊಮ್ಮೆ ಇಂಥ ಕಾಲ ಬಂದರೆ, ಮನೆಯಲ್ಲಿರಿ ಎಂಬ ಮಾತಿಗೆ ನಾವು ತಲೆಬಾಗೋಣ. ಅದು ನೆರೆಯವರ ಪ್ರಾಣ ಕಾಯುವ ಕೆಲಸ. ಜೊತೆಗೆ ಪಕ್ಕದ ಮನೆಯ ವೃದ್ಧರ ಮಾತ್ರೆ ಮುಗಿಯಿತೇ, ಡಯಾಲಿಸಿಸ್‌ಗೆ ಹೋಗಬೇಕಾದವರಿಗೆ ವಾಹನ ಸಿಕ್ಕಿತೇ ಎಂದು ವಿಚಾರಿಸೋಣ. ಅವರ ಮನೆಮಾತು ತಮಿಳೋ, ತೆಲುಗೋ, ಕನ್ನಡವೋ ಎಂದು ನೋಡುವುದು ಬೇಡ.

ಅಂತ್ಯಕ್ರಿಯೆಗೆ ಇಪ್ಪತ್ತು ಜನರಷ್ಟೇ ಸೇರಬಹುದಾಗಿದ್ದ ಆ ದಿನಗಳಲ್ಲಿ ಮಣ್ಣಾದವರು ನಿಮ್ಮ ಮನೆಯಲ್ಲಿದ್ದರೆ, ಧರ್ಮಕೇಂದ್ರದ ಮರಣ ದಾಖಲೆ ಪುಸ್ತಕದಲ್ಲಿ ಅವರ ಹೆಸರಿದೆಯೇ ಎಂದು ಈ ತಿಂಗಳು ವಿಚಾರಿಸಿ. ಅಂದು ಬರಲಾಗದಿದ್ದ ನಾವೆಲ್ಲರೂ ಈಗ ಒಟ್ಟಾಗಿ ಅವರಿಗಾಗಿ ಬಲಿಪೂಜೆ ಅರ್ಪಿಸೋಣ.