ಇಂದಿನ ಧಮ್ಮ ಚಿಂತನೆ: ಬಾಯಿ ತೆರೆಯುವ ಮುನ್ನ ಐದು ಪ್ರಶ್ನೆ

ಇಂದಿನ ವಿಷಯ ಸಮ್ಮಾ ವಾಚಾ, ಅಂದರೆ ಸಮ್ಯಕ್ ಮಾತು. ಇದನ್ನು ನಾವು ವಾರದ ಓದಿನಲ್ಲಿ ಹಲವು ಸಲ ಕೇಳಿದ್ದೇವೆ. ಈ ದಿನ ಬರೆಯುವ ಸರದಿ ನನ್ನದು. ಪುಸ್ತಕದ ಮಾತನ್ನೇ ಮತ್ತೆ ಹೇಳುವ ಬದಲು, ಎರಡು ತಿಂಗಳು ನನ್ನ ನಿದ್ದೆ ಕೆಡಿಸಿದ ಒಂದು ಸಂಗತಿಯನ್ನು ನಿಮ್ಮ ಮುಂದೆ ಇಡುತ್ತೇನೆ.

ನಾನು ಕೆಲಸ ಮಾಡುವುದು ಚಾಮರಾಜಪೇಟೆಯ ಒಂದು ಖಾಸಗಿ ಕಚೇರಿಯಲ್ಲಿ. ಸಂಬಳ, ರಜೆ, ಹಾಜರಿ ಇವುಗಳ ಲೆಕ್ಕ ನೋಡಿಕೊಳ್ಳುತ್ತೇನೆ. 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯ ಸಚಿವ ಸಂಪುಟ ಋತುಚಕ್ರ ರಜೆ ನೀತಿಗೆ ಒಪ್ಪಿಗೆ ಕೊಟ್ಟಿದ್ದು ನಿಮಗೆಲ್ಲ ಗೊತ್ತು. ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೆ ಒಂದು ದಿನ, ವರ್ಷಕ್ಕೆ 12 ದಿನ, ಸಂಬಳ ಸಹಿತ ರಜೆ. ಅದಾದ ಮೇಲೆ ನಮ್ಮ ಕಚೇರಿಯಲ್ಲೂ ಒಂದು ಸುತ್ತೋಲೆ ಸಿದ್ಧವಾಯಿತು. ಮೇಲಿನವರು ಇಂಗ್ಲಿಷಿನಲ್ಲಿ ಕಳಿಸಿದ್ದರು. ಕನ್ನಡ ಮಾಡುವ ಕೆಲಸ ನನಗೆ ಬಂತು.

ಅದರಲ್ಲಿ ಎಲ್ಲೂ ‘ಮಹಿಳೆ’ ಎಂಬ ಪದ ಇರಲಿಲ್ಲ. ‘ಮುಟ್ಟಾಗುವ ವ್ಯಕ್ತಿಗಳು’ ಎಂದಿತ್ತು. ಎಲ್ಲರನ್ನೂ ಒಳಗೊಳ್ಳುವ ಭಾಷೆ ಬಳಸಬೇಕು, ಪದ ಬದಲಿಸಬಾರದು ಎಂದು ಕೆಳಗೆ ಟಿಪ್ಪಣಿ ಬೇರೆ.

ಕರಡನ್ನು ಮುದ್ರಿಸಿ ಮೇಜಿನ ಮೇಲೆ ಇಟ್ಟಿದ್ದೆ. ಕಚೇರಿ ಸ್ವಚ್ಛ ಮಾಡುವ ಒಬ್ಬ ಹೆಣ್ಣುಮಗಳು ನಿಧಾನಕ್ಕೆ ಅಕ್ಷರ ಕೂಡಿಸಿಕೊಂಡು ಓದಿದಳು. ಆಮೇಲೆ ಕೇಳಿದಳು: “ಇದು ಯಾರಿಗೆ ಮೇಡಂ? ದೊಡ್ಡ ಆಫೀಸಿನವ್ರಿಗಾ?”

“ನಿಂಗೂ ಉಂಟು ಕಣಮ್ಮ” ಅಂದೆ.

“ಮತ್ತೆ ಹೆಂಗಸ್ರಿಗೆ ಅಂತ ಬರೆದಿಲ್ವಲ್ಲ?”

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ನನ್ನಜ್ಜಿ ಬಸವನಗುಡಿಯ ಮನೆಗಳಲ್ಲಿ ಕಸಮುಸುರೆ ಮಾಡಿ ಮಕ್ಕಳನ್ನು ಸಾಕಿದವಳು. ಹಿತ್ತಿಲ ಬಾಗಿಲಲ್ಲಿ ಹೋಗಿ ಹಿತ್ತಿಲ ಬಾಗಿಲಲ್ಲೇ ಬರುತ್ತಿದ್ದಳು. ಅವಳಿಗೊಂದು ಹೆಸರಿತ್ತು. ಆದರೆ ಯಾರೂ ಹೆಸರು ಹಿಡಿದು ಕರೆಯಲಿಲ್ಲ. “ಕಸದೋಳು ಬಂದ್ಲು” ಅನ್ನುತ್ತಿದ್ದರು. ಮಾಡುವ ಕೆಲಸವನ್ನೇ ಮನುಷ್ಯರ ಹೆಸರು ಮಾಡುವುದು ಜಾತಿಯ ಹಳೇ ಚಾಳಿ. ಈಗ ನನ್ನ ದೇಹದಲ್ಲಿ ನಡೆಯುವ ಒಂದು ಕೆಲಸವನ್ನೇ ನನ್ನ ಹೆಸರು ಮಾಡಿದ್ದಾರೆ ಅನ್ನಿಸಿತು. ಹೆಣ್ಣಿಗೆ ಆಗಿರುವ ಅನ್ಯಾಯ ಬಹುಪಾಲು ಅವಳ ದೇಹದ ಕಾರಣಕ್ಕೇ ಆಗಿದ್ದು. ಮುಟ್ಟಾದಾಗ ಹೊರಗೆ ಕೂರಿಸಿದ್ದು ಹೆಣ್ಣನ್ನು. ಹೆರಿಗೆಗೆ ಹೋದರೆ ಕೆಲಸದಿಂದ ತೆಗೆದದ್ದು ಹೆಣ್ಣನ್ನು. ಅನ್ಯಾಯ ಮಾಡುವಾಗ ‘ಹೆಣ್ಣು’ ಎಂಬ ಪದ ಸಲೀಸಾಗಿ ಬರುತ್ತಿತ್ತು, ಸೌಲಭ್ಯ ಕೊಡುವಾಗ ಮಾತ್ರ ಅದು ಯಾಕೆ ಬೇಡ? ಇದು ನನ್ನ ಅಭಿಪ್ರಾಯ. ಈಗಲೂ ನನ್ನ ಅಭಿಪ್ರಾಯ ಇದೇ.

ಆದರೆ ಹೇಳಲು ಭಯ. ಹೇಳಿದರೆ ‘ಇವರಿಗೆ ಲಿಂಗತ್ವ ಅಲ್ಪಸಂಖ್ಯಾತರ ಮೇಲೆ ದ್ವೇಷ’ ಎಂಬ ಹಣೆಪಟ್ಟಿ. ಮಾರ್ಚ್‌ನಲ್ಲಿ ಬರುವ ಬಡ್ತಿ. ಅದಕ್ಕಿಂತ ಹೆಚ್ಚಾಗಿ ‘ಅಂಬೇಡ್ಕರ್ ಫೋಟೋ ಇಟ್ಕೊಂಡಿದಾರೆ, ಸಮಾನತೆ ಅಂದ್ರೆ ಮಾತ್ರ ಆಗಲ್ಲ’ ಎಂಬ ಮಾತು ಬರುತ್ತದೆ ಎಂಬ ಅಳುಕು. ಇದು ನನ್ನೊಬ್ಬಳ ಭಯವಲ್ಲ. ಬ್ರಿಟನ್ನಿನಲ್ಲಿ ಮಾಯಾ ಫೋರ್‌ಸ್ಟೇಟರ್ ಎಂಬ ಮಹಿಳೆಯ ಪ್ರಕರಣ ಕೋರ್ಟಿನ ತನಕ ಹೋಯಿತು. 2021ರ ಜೂನ್‌ನಲ್ಲಿ ಅಲ್ಲಿನ ಉದ್ಯೋಗ ಮೇಲ್ಮನವಿ ನ್ಯಾಯಮಂಡಳಿ, ಇಂಥ ನಂಬಿಕೆ ಇಟ್ಟುಕೊಳ್ಳುವುದಕ್ಕೆ ಕಾನೂನಿನ ರಕ್ಷಣೆ ಇದೆ ಎಂದಿತು. ಹಾಗಂತ ಸಹೋದ್ಯೋಗಿಗಳಿಗೆ ಕಿರುಕುಳ ಕೊಡಲು ಅದು ಪರವಾನಗಿ ಅಲ್ಲ ಎಂಬುದನ್ನೂ ಸ್ಪಷ್ಟಪಡಿಸಿತು. ಕೋರ್ಟು ಗೆರೆ ಎಳೆಯಬಹುದು. ಆದರೆ ಗೆರೆಯ ಯಾವ ಕಡೆ ನನ್ನ ಮನಸ್ಸು ನಿಂತಿದೆ ಎಂದು ನೋಡಿಕೊಳ್ಳಬೇಕಾದವಳು ನಾನೇ.

ಒಂದು ರಾತ್ರಿ ಕೂತು ಉದ್ದನೆಯ ಇಮೇಲ್ ಬರೆದೆ. ಬರೆದದ್ದರಲ್ಲಿ ಸುಳ್ಳು ಇರಲಿಲ್ಲ. ಆದರೆ ಕೊನೆಗೆ ಒಂದು ಸಾಲು ಸೇರಿಸಿದ್ದೆ, ನಮ್ಮ ಕಚೇರಿಯ ಒಬ್ಬ ಕಿರಿಯ ಸಹೋದ್ಯೋಗಿಯ ಬಗ್ಗೆ. ಅವರು ಹುಟ್ಟಿದ್ದು ಹೆಣ್ಣಾಗಿ, ಈಗ ಗಂಡಾಗಿ ಬದುಕುತ್ತಿದ್ದಾರೆ. ‘ಒಬ್ಬರಿಗಾಗಿ ಎಲ್ಲ ಹೆಂಗಸರ ಹೆಸರು ಅಳಿಸಬೇಕೇ?’ ಎಂಬುದು ಆ ಸಾಲು. ಅದನ್ನು ಬರೆಯುವಾಗ ಒಳಗೆ ಒಂಥರಾ ಖುಷಿ ಆಯಿತು. ಆ ಖುಷಿಯೇ ನನ್ನನ್ನು ತಡೆಯಿತು. ಕಳಿಸಲಿಲ್ಲ.

ಆ ಭಾನುವಾರ ಗಾಂಧಿನಗರದ ಮಹಾಬೋಧಿ ವಿಹಾರಕ್ಕೆ ಹೋದೆ. ಆಚಾರ್ಯ ಬುದ್ಧರಕ್ಖಿತರು ಬೆಂಗಳೂರಿನ ಮಹಾಬೋಧಿ ಸೊಸೈಟಿಯನ್ನು ಕಟ್ಟಿದ್ದು 1956ರಲ್ಲಿ, ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡ ವರ್ಷವೇ. ಅಲ್ಲಿ ಕೂತು ಮೂರು ಪಾಠಗಳನ್ನು ನೆನಪಿಸಿಕೊಂಡೆ.

*ಮೊದಲನೆಯದು ಅಂಗುತ್ತರ ನಿಕಾಯದ್ದು.* ಮಾತಿಗೆ ಐದು ಅಂಗ ಇರಬೇಕು ಎಂದು ಭಗವಾನರು ಹೇಳಿದ್ದಾರೆ. ಸಮಯಕ್ಕೆ ತಕ್ಕದ್ದೇ? ಸತ್ಯವೇ? ಮೃದುವೇ? ಹಿತವೇ? ಮೈತ್ರಿಯ ಮನಸ್ಸಿನಿಂದ ಬಂದದ್ದೇ? ನನ್ನ ಇಮೇಲನ್ನು ಈ ಐದು ಜರಡಿಯಲ್ಲಿ ಹಾಕಿದೆ. ಸತ್ಯದ ಜರಡಿಯಲ್ಲಿ ನಿಂತಿತು. ಮೈತ್ರಿಯ ಜರಡಿಯಲ್ಲಿ ನಿಲ್ಲಲಿಲ್ಲ.

*ಎರಡನೆಯದು ಮಜ್ಝಿಮ ನಿಕಾಯದ ಅಭಯ ರಾಜಕುಮಾರ ಸುತ್ತ.* ಕೇಳಿದವರಿಗೆ ಹಿತವಾಗದ ಮಾತನ್ನು ಬುದ್ಧ ಆಡುತ್ತಾನೆಯೇ ಎಂದು ಅಭಯ ಕೇಳುತ್ತಾನೆ. ಅವನ ತೊಡೆಯ ಮೇಲೆ ಎಳೆಯ ಮಗು ಇರುತ್ತದೆ. ಈ ಮಗು ಕಡ್ಡಿಯನ್ನೋ ಕಲ್ಲನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುತ್ತೀಯ ಎಂದು ಭಗವಾನರು ಕೇಳುತ್ತಾರೆ. ರಕ್ತ ಬಂದರೂ ತೆಗೆಯುತ್ತೇನೆ, ಮಗುವಿನ ಮೇಲಿನ ಕರುಣೆಯಿಂದ, ಎಂದು ಅಭಯ ಉತ್ತರಿಸುತ್ತಾನೆ. ಅಂದರೆ ಕೇಳುವವರಿಗೆ ಕಹಿ ಆಗುತ್ತದೆ ಎಂಬ ಒಂದೇ ಕಾರಣಕ್ಕೆ ಬಾಯಿ ಮುಚ್ಚಿಕೊಳ್ಳಬೇಕಿಲ್ಲ. ಸತ್ಯವೂ ಹಿತವೂ ಆದದ್ದನ್ನು ಹೊತ್ತು ನೋಡಿ ಹೇಳಬೇಕು. ಆದರೆ ಮಗುವಿನ ಬಾಯಿಗೆ ಬೆರಳು ಹಾಕುವವನಿಗೆ ಮಗು ಬೇಕಾಗಿರಬೇಕು.

*ಮೂರನೆಯದು ಅರಣವಿಭಂಗ ಸುತ್ತ, ಜಗಳವಿಲ್ಲದಿರುವ ಬಗೆಯನ್ನು ಹೇಳುವ ಸುತ್ತ.* ಒಂದೇ ಪಾತ್ರೆಗೆ ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರು. ಪಾತಿ ಅನ್ನುವವರಿದ್ದಾರೆ, ಪತ್ತ ಅನ್ನುವವರಿದ್ದಾರೆ, ಸರಾವ ಅನ್ನುವವರೂ ಇದ್ದಾರೆ. ನನ್ನ ಸೀಮೆಯ ಪದವೇ ಸರಿ, ಉಳಿದದ್ದೆಲ್ಲ ತಪ್ಪು ಎಂದು ಹಟ ಹಿಡಿಯಬೇಡಿ ಎನ್ನುತ್ತಾರೆ ಭಗವಾನರು. ಅದೇ ಉಸಿರಿನಲ್ಲಿ ಇನ್ನೊಂದು ಮಾತೂ ಇದೆ. ಜನ ಬಳಸುವ ರೂಢಿಯ ಪದವನ್ನು ದಾಟಿ ಓಡಲೂಬೇಡಿ. ಮೊದಲ ಮಾತು ನನಗೆ, ಎರಡನೆಯ ಮಾತು ಆ ಸುತ್ತೋಲೆಗೆ ಎಂದು ನನಗೆ ಅನ್ನಿಸಿತು.

ಇನ್ನು ಬಾಬಾಸಾಹೇಬರು. ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಸಮ್ಯಕ್ ಮಾತನ್ನು ವಿವರಿಸುವಾಗ ಅವರು, ಅದು ಭಯದಿಂದಾಗಲಿ ಲಾಭದ ಆಸೆಯಿಂದಾಗಲಿ ಬರಬಾರದು, ಮೇಲಿನವರು ಏನಂದುಕೊಳ್ಳುತ್ತಾರೆ ಎಂಬುದಾಗಲಿ ನಮಗಾಗುವ ನಷ್ಟವಾಗಲಿ ಅದಕ್ಕೆ ಅಳತೆಗೋಲಲ್ಲ ಎಂಬರ್ಥದಲ್ಲಿ ಹೇಳುತ್ತಾರೆ. ದೀಕ್ಷೆಯ 22 ಪ್ರತಿಜ್ಞೆಗಳಲ್ಲಿ ಸುಳ್ಳು ಹೇಳುವುದಿಲ್ಲ ಎಂಬುದೂ ಒಂದು. ಒಪ್ಪಿಗೆ ಇಲ್ಲದ ಜಾಗದಲ್ಲಿ ತಲೆ ಆಡಿಸುವುದೂ ಸುಳ್ಳೇ ಅಲ್ಲವೇ?

1938ರಲ್ಲಿ ಬಾಂಬೆ ಶಾಸನಸಭೆಯಲ್ಲಿ ನಮ್ಮ ಜನರಿಗೆ ‘ಹರಿಜನ’ ಎಂಬ ಹೆಸರನ್ನು ಕಾನೂನಿನಲ್ಲೇ ಬರೆಯಲು ಹೊರಟಾಗ ಬಾಬಾಸಾಹೇಬರು ವಿರೋಧಿಸಿ ಸಭೆಯಿಂದ ಹೊರನಡೆದರು. ಇಟ್ಟವರು ಒಳ್ಳೆಯ ಹೆಸರು ಎಂದೇ ಇಟ್ಟಿದ್ದರು. ಆದರೆ ಯಾರಿಗೆ ಹೆಸರೋ ಅವರನ್ನು ಕೇಳಿರಲಿಲ್ಲ. ಇದು ನೆನಪಾದಾಗ ನನಗೆ ಬಲ ಬಂತು. ನನ್ನನ್ನೂ ಆ ಸ್ವಚ್ಛತಾ ಕೆಲಸದ ಹೆಣ್ಣುಮಗಳನ್ನೂ ಯಾರೂ ಕೇಳಿರಲಿಲ್ಲ.

ಮರುಕ್ಷಣ ನಾಚಿಕೆಯೂ ಆಯಿತು. ನಾನು ಆ ಕಿರಿಯ ಸಹೋದ್ಯೋಗಿಯನ್ನು ಕೇಳಿದ್ದೆನೇ?

ಸೋಮವಾರ ಟೀ ಹೊತ್ತಿನಲ್ಲಿ ಅವರ ಪಕ್ಕ ಹೋಗಿ ಕೂತೆ. “ಈ ಸುತ್ತೋಲೆ ಬಗ್ಗೆ ನನಗೊಂದು ತಕರಾರಿದೆ. ಮೀಟಿಂಗಲ್ಲಿ ಹೇಳೋ ಮುಂಚೆ ನಿಮಗೆ ಹೇಳಬೇಕು ಅನ್ನಿಸ್ತು” ಎಂದು ನನ್ನ ಮಾತನ್ನೆಲ್ಲ ಹೇಳಿದೆ. ಅವರ ಮುಖ ಬಿಗಿಯಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಅಕ್ಕ, ಹೆಂಗಸರು ಅನ್ನೋ ಪದ ತೆಗೀರಿ ಅಂತ ನಾನು ಯಾರಿಗೂ ಹೇಳಿಲ್ಲ. ನನ್ನ ಕೇಳ್ದೇನೇ ಮಾಡಿದಾರೆ. ಆದ್ರೆ ಹೆಂಗಸರಿಗೆ ಮಾತ್ರ ಅಂತ ಬರೆದ್ರೆ ನಾನು ಆ ರಜೆ ಕೇಳೋಕಾಗಲ್ಲ. ಹೊಟ್ಟೆ ನೋವು ನಂಗೂ ಬರತ್ತೆ.”

ಆಮೇಲೆ ಇನ್ನೊಂದು ಮಾತು ಹೇಳಿದರು. “ಇಲ್ಲಿ ನನ್ನ ಬೆನ್ನ ಹಿಂದೆ ‘ಅದು’ ಅಂತಾರೆ. ನೀವು ‘ಅವರು’ ಅಂತೀರ. ಅದಕ್ಕೇ ನಿಮ್ಮ ಮಾತು ಕೇಳಿಸಿಕೊಂಡೆ.”

ನನ್ನಜ್ಜಿಗೆ ‘ಕಸದೋಳು’, ಇವರಿಗೆ ‘ಅದು’. ಬಂಧುಗಳೇ, ಬಹುವಚನ ಸಿಗದೆ ಬದುಕಿದವರು ನಾವು. ನಮ್ಮ ಅಜ್ಜ ಅಜ್ಜಿಯರು ಹಣ್ಣು ಹಣ್ಣು ಮುದುಕರಾದಾಗಲೂ ಸಣ್ಣ ಹುಡುಗರ ಬಾಯಲ್ಲಿ ‘ಬಾರೋ’, ‘ಹೋಗೇ’ ಕೇಳಿಸಿಕೊಂಡವರು. ಕನ್ನಡದ ‘ಅವರು’ ಗಂಡೂ ಅಲ್ಲ, ಹೆಣ್ಣೂ ಅಲ್ಲ, ಬರೀ ಗೌರವ. ಅದನ್ನು ಕೊಡಲು ನನಗೆ ಯಾವ ಖರ್ಚೂ ಇಲ್ಲ, ನನ್ನ ಅಭಿಪ್ರಾಯ ಬಿಡಬೇಕಾಗಿಯೂ ಇಲ್ಲ. ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಇವರ ಘನತೆಯನ್ನು ಎತ್ತಿಹಿಡಿಯಿತು. 2021ರಲ್ಲಿ ನಮ್ಮ ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಶೇ. 1 ಮೀಸಲಾತಿ ಕೊಟ್ಟಿತು. ಮೀಸಲಾತಿ ಎಂದರೇನು ಎಂದು ನಮಗೆ ಯಾರೂ ಪಾಠ ಹೇಳಬೇಕಿಲ್ಲ.

ವಿನಯ ಪಿಟಕದಲ್ಲೂ ಒಂದು ಪ್ರಸಂಗ ಬರುತ್ತದೆ. ಒಬ್ಬ ಭಿಕ್ಷುವಿನಲ್ಲಿ ಹೆಣ್ಣಿನ ಲಕ್ಷಣ ಕಾಣಿಸಿಕೊಂಡಿತು. ಭಗವಾನರು ಆ ವ್ಯಕ್ತಿಯನ್ನು ಸಂಘದಿಂದ ಹೊರಹಾಕಲಿಲ್ಲ. ಅದೇ ಉಪಸಂಪದೆ, ಅದೇ ಹಿರಿತನ ಉಳಿಸಿಕೊಂಡು ಭಿಕ್ಖುನಿಯರ ಜೊತೆ ಇರಲಿ ಎಂದರು. ಭಿಕ್ಖುನಿಯರ ನಿಯಮಗಳನ್ನೂ ಅಳಿಸಲಿಲ್ಲ. ನಿಯಮವೂ ಉಳಿಯಿತು, ಮನುಷ್ಯರೂ ಉಳಿದರು.

ಗುರುವಾರದ ಮೀಟಿಂಗಿನಲ್ಲಿ ಮಾತಾಡಿದೆ. ಕೈ ನಡುಗುತ್ತಿತ್ತು, ಕಾಗದವನ್ನು ಮೇಜಿನ ಮೇಲೆ ಒತ್ತಿ ಹಿಡಿದುಕೊಂಡಿದ್ದೆ. ‘ಮಹಿಳಾ ಉದ್ಯೋಗಿಗಳು’ ಎಂದು ಮೊದಲ ಸಾಲಿನಲ್ಲೇ ಇರಲಿ, ಯಾಕೆಂದರೆ ಇಲ್ಲದಿದ್ದರೆ ಈ ರಜೆ ಅತಿ ಹೆಚ್ಚು ಬೇಕಾದವರಿಗೆ ಇದು ತಮ್ಮದು ಎಂದೇ ತಿಳಿಯುವುದಿಲ್ಲ ಎಂದೆ. ನನ್ನನ್ನು ನನ್ನ ಮುಟ್ಟಿನಿಂದ ಹೆಸರಿಸುವುದು ನನಗೆ ಅವಮಾನ ಅನ್ನಿಸುತ್ತದೆ ಎಂದೂ ಹೇಳಿದೆ. ಎರಡನೇ ಸಾಲಿನಲ್ಲಿ, ಈ ರಜೆ ಅಗತ್ಯವಿರುವ ಇತರ ಉದ್ಯೋಗಿಗಳೂ ಗುಟ್ಟಾಗಿ ಅರ್ಜಿ ಕೊಡಬಹುದು ಎಂದಿರಲಿ ಎಂದೆ. ಯಾರ ಹೆಸರೂ ಎತ್ತಲಿಲ್ಲ.

ಒಬ್ಬರು “ಇದು ಹಿಂದಕ್ಕೆ ಹೋಗೋ ಮಾತು” ಅಂದರು. ಇನ್ನೊಬ್ಬರು ಅಂದಿನಿಂದ ಊಟಕ್ಕೆ ನನ್ನ ಜೊತೆ ಕೂರುವುದನ್ನು ಬಿಟ್ಟಿದ್ದಾರೆ. ಇಂಗ್ಲಿಷ್ ಸುತ್ತೋಲೆ ಬದಲಾಗಲಿಲ್ಲ. ಕನ್ನಡದ್ದು ಮಾತ್ರ ನಾನು ಹೇಳಿದಂತೆ ಗೋಡೆಗೆ ಅಂಟಿತು. ಬಡ್ತಿಯ ವಿಷಯ ಮಾರ್ಚ್‌ಗೆ ತಿಳಿಯುತ್ತದೆ. ಆ ಕಿರಿಯ ಸಹೋದ್ಯೋಗಿಗೂ ನನಗೂ ಈಗಲೂ ಎಲ್ಲದರಲ್ಲಿ ಒಮ್ಮತವಿಲ್ಲ. ಟೀ ಮಾತ್ರ ಒಟ್ಟಿಗೆ ಕುಡಿಯುತ್ತೇವೆ.

ಕಳೆದ ವಾರ ಸ್ವಚ್ಛತಾ ಕೆಲಸದ ಆ ಹೆಣ್ಣುಮಗಳು ಮೊದಲ ಸಲ ಒಂದು ದಿನ ರಜೆ ಬರೆದು ಕೊಟ್ಟಳು. ಅರ್ಜಿಯ ಮೇಲೆ ಸಹಿ ಮಾಡುವಾಗ ನನ್ನಜ್ಜಿ ನೆನಪಾದಳು.

ಭಯದಿಂದ ಸುಮ್ಮನಿದ್ದಿದ್ದರೆ ಅದು ಸಮ್ಯಕ್ ಮಾತಲ್ಲ. ಆ ರಾತ್ರಿಯ ಇಮೇಲ್ ಕಳಿಸಿದ್ದರೆ ಅದೂ ಸಮ್ಯಕ್ ಮಾತಲ್ಲ. ಇವೆರಡರ ನಡುವಿನ ದಾರಿಯಲ್ಲಿ ನಡೆಯುವುದು ಕಷ್ಟ. ನಿಧಾನವಾಗಿ ನಡೆಯಬೇಕು.

*ಇಂದಿನ ಅಭ್ಯಾಸ:* ನಿಮ್ಮ ಕೆಲಸದ ಜಾಗದಲ್ಲಿ ಹೇಳಬೇಕೆಂದಿದ್ದು ಹೇಳಲಾಗದ ಒಂದು ಮಾತನ್ನು ನೆನಪಿಸಿಕೊಳ್ಳಿ. ಹತ್ತು ನಿಮಿಷ ಕಣ್ಣು ಮುಚ್ಚಿ ಕೂತು ಐದು ಪ್ರಶ್ನೆ ಕೇಳಿಕೊಳ್ಳಿ. ಸಮಯವೇ? ಸತ್ಯವೇ? ಮೃದುವೇ? ಹಿತವೇ? ಮೈತ್ರಿ ಇದೆಯೇ? ಐದೂ ಹೌದು ಎಂದರೆ ಹೇಳಿಬಿಡಿ. ಆ ಮಾತು ಯಾರನ್ನು ತಟ್ಟುತ್ತದೋ ಅವರಿಗೆ ಮೊದಲು ಹೇಳಿ.

ನಮೋ ಬುದ್ಧಾಯ. ಜೈ ಭೀಮ್.