ಅಭಯವೂ ಅವಿಶ್ವಾಸವೂ

ಗೀತೆಯ ಹದಿನಾರನೆಯ ಅಧ್ಯಾಯವು ದೈವೀಸಂಪತ್ತನ್ನು ಎಣಿಸತೊಡಗುವಾಗ ಮೊಟ್ಟಮೊದಲು ಹೆಸರಿಸುವುದು ಅಭಯವನ್ನು. ಅದೇ ಮಹಾಭಾರತದ ಶಾಂತಿಪರ್ವದಲ್ಲಿ ಶರಶಯ್ಯೆಯ ಮೇಲಿನ ಭೀಷ್ಮನು ಧರ್ಮರಾಯನಿಗೆ ಉಪದೇಶಿಸುವುದಾದರೋ, ನಂಬತಕ್ಕವನಲ್ಲದವನನ್ನು ನಂಬಲಾಗದು, ನಂಬತಕ್ಕವನನ್ನೂ ಮಿತಿಮೀರಿ ನಂಬಲಾಗದು ಎಂಬ ನೀತಿಯನ್ನು. ಈ ವಿರೋಧವನ್ನು ಪಂಡಿತರು ಅಧಿಕಾರಭೇದದಿಂದ ಪರಿಹರಿಸುವರು: ಒಂದು ಸಾಧಕನಿಗೆ, ಇನ್ನೊಂದು ಅರಸನಿಗೆ. ಅರಸರಿಲ್ಲದ ಈ ಕಾಲದಲ್ಲಿ ಆ ಎರಡನೆಯ ಪಾಲು ಯಾರ ಹೆಗಲೇರಿತೆಂದು ವಿಚಾರಿಸಿದರೆ, ವಿಮಾನ ನಿಲ್ದಾಣದ ಬಾಗಿಲಲ್ಲಿ ಖಾಕಿ ತೊಟ್ಟು ನಿಂತ ಪೇದೆಯನ್ನು ತೋರಿಸಬೇಕಾಗುತ್ತದೆ.

ಬೆಂಗಳೂರಿನ ಬೀಗರಿಗೆಂದು ಕರದಂಟಿನ ಡಬ್ಬಿ ಹಿಡಿದ ಗೋಕಾಕದವರೂ, ಮಗನ ಮನೆಗೆ ಹೊರಟ ಮೂಡಲಗಿಯ ಮುದುಕಿಯರೂ, ಹುಕ್ಕೇರಿ ಸಂಕೇಶ್ವರಗಳ ವ್ಯಾಪಾರಿಗಳೂ ವಿಮಾನವೇರುವುದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಾಯುಸೇನೆಗಾಗಿ ಹದಗೊಳಿಸಿದ, ಬೆಳಗಾವಿ ಬಳಿಯ ಸಾಂಬ್ರಾದ ನೆಲದಿಂದ. 2017ರಲ್ಲಿ ಅಲ್ಲಿ ಹೊಸ ಕಟ್ಟಡ ತೆರೆದ ಮೇಲೆ, ಹಿಂದೆ ಶ್ರೀಮಂತರಿಗಷ್ಟೇ ಮೀಸಲಾಗಿದ್ದ ಈ ಪ್ರಯಾಣವು ಸಾಮಾನ್ಯರಿಗೂ ಪರಿಚಿತವಾಗತೊಡಗಿದೆ, ಅದರೊಡನೆ ತಪಾಸಣೆಯೂ. ಒಂದು ಕಾಲಕ್ಕೆ ನಮ್ಮ ದೇಶದ ನಿಲ್ದಾಣಗಳ ಕಾವಲು ರಾಜ್ಯ ಪೊಲೀಸರದಾಗಿತ್ತು. 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ಹೊರಟ ವಿಮಾನವು ಅಪಹೃತವಾಗಿ ಕಂದಹಾರದಲ್ಲಿ ನಿಂತ ಬಳಿಕ, 2000ದಲ್ಲಿ ಜೈಪುರದಿಂದ ಮೊದಲ್ಗೊಂಡು, ಕೇಂದ್ರ ಕೈಗಾರಿಕಾ ಭದ್ರತಾ ಪಡೆಯು ಒಂದೊಂದಾಗಿ ನಿಲ್ದಾಣಗಳ ಹೊಣೆ ವಹಿಸಿಕೊಳ್ಳುತ್ತ ಬಂದಿತು.

ಒಮ್ಮೆ ನಿಲ್ದಾಣವೊಂದರಲ್ಲಿ, ಎಲೆಯಡಿಕೆಯ ಸಂಚಿಯನ್ನು ಸೆರಗಿನೊಳಗೆ ಮಡಗಿಕೊಂಡು ಬಂದ ನಮ್ಮ ಸೀಮೆಯ ಮುದುಕಿಯೊಬ್ಬಳನ್ನು ಪರದೆಯ ಮರೆಗೆ ಕರೆದೊಯ್ದ ಮಹಿಳಾ ಪೇದೆ, ಹಿತ್ತಾಳೆಯ ಹಿಡಿಯ ಅಡಕೊತ್ತೊಂದನ್ನು ಹಿಡಿದು ಹೊರಬಂದಳು. “ಆಯಿ, ಇದನ್ನ ಒಳಗ ಒಯ್ಯಾಕ ಬರೂದಿಲ್ರಿ” ಎಂದಳು. “ಇದರಾಗ ನಾ ಅಡಕಿ ಬಿಟ್ಟ ಮತ್ತೇನ ಕತ್ತರಸ್ತೀನವ್ವಾ?” ಎಂದು ಮುದುಕಿ ಕೇಳಿದ ಪ್ರಶ್ನೆಗೆ ಉತ್ತರವಿರಲಿಲ್ಲ. ಸಾಲಿನಲ್ಲಿದ್ದವರು ನಕ್ಕರು, ಪೇದೆ ನಗಲಿಲ್ಲ, ಗದರಿಸಲೂ ಇಲ್ಲ. ಬೀಳ್ಕೊಡಲು ಬಂದಿದ್ದ ಮೊಮ್ಮಗನನ್ನು ಹುಡುಕಿಸಿ ಅಡಕೊತ್ತನ್ನು ಅವನ ಕೈಗಿತ್ತಳು. ಆಕೆ ಸಂಶಯಪಟ್ಟದ್ದು ಅಲಗನ್ನು, ಮುದುಕಿಯನ್ನಲ್ಲ. ಈ ಭೇದವು ಉಳಿದಿರುವವರೆಗೆ ಅವಿಶ್ವಾಸವು ದೋಷವಲ್ಲವೆಂದೇ ನನ್ನ ಮತ. ಶಾಸಕನ ಪೆಟ್ಟಿಗೆಯೂ ಮುದುಕಿಯ ಸಂಚಿಯೂ ಒಂದೇ ಯಂತ್ರದೊಳಗೆ ಹಾಯ್ದು ಹೋಗುವುದರಲ್ಲಿ ಒಂದು ಬಗೆಯ ಸಮದೃಷ್ಟಿಯೂ ಇದೆ. (ಕೆಲವು ಗಣ್ಯರಿಗೆ ವಿನಾಯಿತಿ ಉಂಟೆಂಬುದು ಬೇರೆ ಮಾತು, ಅದು ನನಗೆಂದೂ ಒಪ್ಪಿತವಾದುದಲ್ಲ.)

ಆ ಭೇದವು ಅಳಿದೆಡೆ ಏನಾಗುವುದೆಂಬುದಕ್ಕೆ ಮಂಗಳೂರೇ ಸಾಕ್ಷಿ. 2020ರ ಜನವರಿ 20ರಂದು ಅಲ್ಲಿಯ ನಿಲ್ದಾಣದ ಟಿಕೇಟ್ ಕೌಂಟರಿನ ಬಳಿ ವಾರಸುದಾರರಿಲ್ಲದ ಚೀಲವೊಂದು ಕಣ್ಣಿಗೆ ಬಿದ್ದಿತು. ಅದರೊಳಗಿದ್ದ ಸ್ಫೋಟಕವನ್ನು ಕೆಂಜಾರಿನ ಬಯಲಿಗೊಯ್ದು ಸ್ಫೋಟಿಸಿದರು. ಎರಡು ದಿನಗಳ ಮೇಲೆ ಬೆಂಗಳೂರಿನಲ್ಲಿ ಪೊಲೀಸರಿಗೆ ತಾನಾಗಿ ಶರಣಾದವನು ಇಂಜಿನಿಯರಿಂಗ್ ಓದಿದ, ಬಯಸಿದ ಉದ್ಯೋಗ ದೊರೆಯದ ಕೋಪವನ್ನು ಹೊತ್ತು ತಿರುಗುತ್ತಿದ್ದ ಒಬ್ಬ ಮನುಷ್ಯ. ನಡುವಣ ಆ ಎರಡು ದಿನ ಊಹಾಪೋಹಗಳು ಯಾರ ವೇಷದ, ಯಾರ ಹೆಸರಿನ ಕಡೆಗೆ ಹರಿದವೆಂಬುದನ್ನು ನೆನೆದರೆ, ಹಿಂದು ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಸಾವಳಗಿಯ ಮಠವಿರುವ ಗೋಕಾಕ ಸೀಮೆಯವನಿಗೆ ನಾಚಿಕೆಯೆನಿಸದಿರದು. ಇನ್ನೊಂದು ಸಂಗತಿಯೂ ಗಮನಾರ್ಹ: ಚೀಲ ಸಿಕ್ಕಿದ್ದು ಮೈದಡವುವ ಕಮಾನಿನ ಒಳಗಲ್ಲ, ಹೊರಗೆ. ಕಾವಲನ್ನು ಹೆಚ್ಚಿಸಬೇಕೆನ್ನುವವರು ಒಳಗೆ ಇನ್ನೊಂದು ಬಂದೂಕನ್ನು ನಿಲ್ಲಿಸುವುದಕ್ಕಿಂತ, ಟ್ಯಾಕ್ಸಿ ನಿಲ್ಲುವ, ನೆಂಟರು ಕೈಬೀಸುವ ಆ ಹೊರಜಗಲಿಯಲ್ಲಿ ಎರಡು ಎಚ್ಚರದ ಕಣ್ಣುಗಳನ್ನಿಡುವುದು ಮೇಲು.

ಆದರೆ ಆ ಕಣ್ಣುಗಳಿಗೆ ನಾವು ತೆರುವ ಬೆಲೆಯೇನು? ಅಭಯದಾನವನ್ನು ದಾನಗಳಲ್ಲೆಲ್ಲ ಶ್ರೇಷ್ಠವೆಂದು ಹಿರಿಯರು ಹೊಗಳಿದರು. ಅದನ್ನೀಯುವವನು ಮಾತ್ರ ದಿನವೆಲ್ಲ ಪ್ರತಿಯೊಬ್ಬನನ್ನೂ ಸಂಭಾವ್ಯ ಘಾತುಕನೆಂದು ಬಗೆಯುವ ಚಿತ್ತವೃತ್ತಿಯಲ್ಲಿ ಬದುಕಬೇಕು. ನಮ್ಮ ಮನಸ್ಸು ನಿರ್ಮಲವಾಗಿರಲೆಂದು ಶಂಕೆಯನ್ನು ಸಂಬಳಕ್ಕೆ ಇನ್ನೊಬ್ಬನ ಮೇಲೆ ಹೊರಿಸಿರುವೆವು. ಯುರೋಪಿನ ನಿಯಮವೊಂದು, ಕ್ಷ-ಕಿರಣದ ತೆರೆಯನ್ನು ದಿಟ್ಟಿಸುವವನು 20 ನಿಮಿಷಕ್ಕಿಂತ ಹೆಚ್ಚು ಕಾಲ ಎಡೆಬಿಡದೆ ಅದನ್ನು ನೋಡಬಾರದೆಂದು ವಿಧಿಸುತ್ತದೆ. ದಣಿದ ಕಣ್ಣು ಚೂರಿಯನ್ನೂ ಚಮಚೆಯೆಂದು ಕಂಡೀತೆಂಬುದೇ ಅದರ ಲೆಕ್ಕಾಚಾರ. ದಣಿದ ಮನಸ್ಸು ಮುದುಕಿಯನ್ನೇ ಅಲಗೆಂದು ಕಂಡೀತೆಂಬ ಇನ್ನೊಂದು ಲೆಕ್ಕವೂ ಇದೆ. ಪಾಳಿ ಮುಗಿಸಿದ ಪೇದೆಗೆ ಕೂರಲು ಕುರ್ಚಿ, ಕುಡಿಯಲು ಚಹಾ, ಹಬ್ಬಕ್ಕೆ ರಜೆ ದೊರೆಯುವಂತೆ ನೋಡಿಕೊಳ್ಳುವ ಮೇಲಧಿಕಾರಿಯು, ತನಗರಿಯದೆಯೇ, ಈ ಎರಡನೆಯ ಲೆಕ್ಕವನ್ನು ತೀರಿಸುತ್ತಿರುತ್ತಾನೆ.